ಅಡ್ಡಹೆಸರು ಯಾರಿಗೆ ಅಡ್ಡ?

(ವಿದ್ಯಾರ್ಥಿ ನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತು. ಹಾಳೆ ಸಾಲದ್ದರಿಂದ ಅಲ್ಲಲ್ಲಿ ಮೊಟಕು ಮಾಡಿದೆ.)





ಹೋದ ಸಲ ಬಂದಾಗ ಇದೇ ಹಾಸ್ಟೆಲಿನ ಒಬ್ಬ ಹುಡುಗ ನನ್ನನ್ನು ಬಸ್ ಸ್ಟ್ಯಾಂಡಿನ ತನಕ ಬಿಡೋಕೆ ಬಂದ. ದಾರಿಯುದ್ದಕ್ಕೂ ಮಾತಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿ ಹತ್ತಿರ ಬಂದು ಕೇಳಿದ: "ಸಾರ್, ಕಂಪ್ಯೂಟರಲ್ಲಿ ಅರ್ಜಿ ತುಂಬುವಾಗ ಲಾಸ್ಟ್ ನೇಮ್ ಅಂತ ಒಂದು ಮನೆ ಇರುತ್ತೆ. ಅದರ ಪಕ್ಕ ಕೆಂಪು ಚುಕ್ಕಿ. ತುಂಬದಿದ್ರೆ ಮುಂದಕ್ಕೇ ಹೋಗಲ್ಲ. ನನ್ನ ಟಿ.ಸಿ.ಯಲ್ಲಿ ಆ ಜಾಗದಲ್ಲಿ ಹರಿಜನ ಅಂತಿದೆ. ಹಾಕ್ಲಾ, ಬೇಡ್ವಾ?" ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ನಾನು ಕೈ ಬೀಸಿದೆ. ಉತ್ತರ ಹೇಳಲಿಲ್ಲ. ಬಸ್ಸು ಹೊರಟಿದ್ದು ಒಂದು ನೆಪ ಅಷ್ಟೆ. ಆ ಗಳಿಗೆಯಲ್ಲಿ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಆ ಸಾಲ ತೀರಿಸೋಕೆ ಬಂದಿದೀನಿ. ಆ ಹುಡುಗ ಇಲ್ಲೇ ಕೂತಿದಾನೆ. ಯಾರು ಅಂತ ನೀವ್ಯಾರೂ ತಿರುಗಿ ನೋಡಬೇಡಿ.

ಅಡ್ಡಹೆಸರಿನ ಅರ್ಥ ಹೇಳುವುದು ನಮ್ಮಲ್ಲಿ ಒಂದು ವಿನೋದ. ಮೈಸೂರು ಕಡೆಯವರು ಧಾರವಾಡ ಕಡೆ ಬಂದು, ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ಅಕ್ಕಿ, ಸಕ್ಕರಿ ಅಂತೆಲ್ಲಾ ಹೆಸರು ಕೇಳಿ, ಒಂದು ಅಡುಗೆಮನೆಯೇ ಆಯ್ತಲ್ಲ ಅಂತ ನಗ್ತಾರೆ. ನಗಲಿ, ಅದರಲ್ಲಿ ತಪ್ಪಿಲ್ಲ. ಯಾರದೋ ಮುತ್ತಜ್ಜ ಬೆಲ್ಲ ಮಾರಿದ, ಬೆಲ್ಲದ ಆದ. ಹೊಸ ಮನೆ ಕಟ್ಟಿದ, ಹೊಸಮನಿ ಆದ. ಮುಂಬೈ ಪಾರ್ಸಿಗಳಲ್ಲಿ ಇಂಜಿನಿಯರ್, ಕಾಂಟ್ರಾಕ್ಟರ್ ಅಂತಲೇ ಮನೆತನಗಳಿವೆ. ಮರಾಠಿಯಲ್ಲಿ ಊರಿನ ಹೆಸರಿಗೆ ಕರ್ ಹಚ್ಚಿದರೆ ಅಡ್ಡಹೆಸರು ಸಿದ್ಧ. ಗೋವೆಯ ಮಂಗೇಶಿಯವರು ಮಂಗೇಶ್ಕರ್. ಹಳೇ ಮೈಸೂರಲ್ಲಿ ಈ ಪದ್ಧತಿ ಇಲ್ಲ, ಊರು ಮತ್ತು ಅಪ್ಪನ ಹೆಸರಿನ ಮೊದಲ ಅಕ್ಷರ ಮುಂದೆ ಹಾಕಿಕೊಂಡರೆ ಆಯಿತು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಕೆ.ವಿ. ಪುಟ್ಟಪ್ಪ.

ಇಷ್ಟೇ ಆಗಿದ್ದರೆ ನಾನು ಇಲ್ಲಿ ನಿಂತು ಮಾತಾಡುವ ಅಗತ್ಯ ಇರಲಿಲ್ಲ. ಅಡುಗೆಮನೆ ಬಿಟ್ಟು ಚಾವಡಿಗೆ ಬನ್ನಿ. ಅಲ್ಲಿ ಯಾರ್ಯಾರು ಕೂತಿದಾರೆ ನೋಡಿ.

ಗೌಡ. ಶಾಸನಗಳಲ್ಲಿ ಗಾವುಂಡ, ಊರಿನ ಒಡೆಯ. ಪಾಟೀಲ, ಹಳೇ ಬರಹಗಳಲ್ಲಿ ಪಟ್ಟಕಿಲ, ಅವನೂ ಊರಿನ ಮುಖ್ಯಸ್ಥ. ಹೆಗಡೆ, ಹಳಗನ್ನಡದ ಪೆರ್ಗಡೆ, ದೊಡ್ಡ ಅಧಿಕಾರಿ. ಶಾನುಭೋಗ, ಶಾಸನದ ಸೇನಬೋವ, ಲೆಕ್ಕ ಬರೆಯುವವನು. ಕುಲಕರ್ಣಿಯೂ ಅದೇ, ಊರಿನ ಕರಣಿಕ. ಹತ್ತಾರು ಊರು ಸೇರಿದ ಪರಗಣಕ್ಕೆ ದೇಸಾಯಿ, ಅವನ ಲೆಕ್ಕಕ್ಕೆ ದೇಶಪಾಂಡೆ. ಇನಾಮು ಪಡೆದವನು ಇನಾಮದಾರ, ಜಾಗೀರು ಪಡೆದವನು ಜಾಗೀರದಾರ. ಬಂಗಾಳಕ್ಕೆ ಹೋದರೆ ಮಜುಂದಾರ, ಅವನೂ ದಫ್ತರದವನೇ. ಉತ್ತರ ದೇಶದಲ್ಲಿ ಎರಡು ವೇದದವನು ದ್ವಿವೇದಿ, ಮೂರಾದರೆ ತ್ರಿವೇದಿ, ನಾಲ್ಕಾದರೆ ಚತುರ್ವೇದಿ. ಉಪಾಧ್ಯಾಯ ಅನ್ನೋ ಬಾಲ ಸವೆದು ಸವೆದು ಮುಖರ್ಜಿ, ಬ್ಯಾನರ್ಜಿ, ಚಟರ್ಜಿ. ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಏನು ಕಾಣುತ್ತೆ? ಭೂಮಿ, ಲೆಕ್ಕದ ಪುಸ್ತಕ, ವೇದದ ಪುಸ್ತಕ. ಊರಿನ ಆಸ್ತಿ ಯಾರ ಹತ್ತಿರ ಇತ್ತು ಅನ್ನೋದರ ಪಹಣಿ ಇದು.

ಈಗ ಚಾವಡಿಯ ಹೊರಗೆ, ಕೆಳಗೆ, ನಿಂತವರನ್ನು ನೋಡಿ. ತಳವಾರ, ಊರು ಕಾಯುವವನು. ತೋಟಿ, ಸತ್ತ ಸುದ್ದಿ ಹೊತ್ತು, ಕಂದಾಯದ ಕರೆ ಹೊತ್ತು, ಸಾಹೇಬರ ಗಂಟು ಮೂಟೆ ಹೊತ್ತು ಊರೂರು ತಿರುಗಿದವನು. ನೀರುಗಂಟಿ, ಕೆರೆಯ ತೂಬು ಎತ್ತಿ ಎಲ್ಲರ ಗದ್ದೆಗೂ ನೀರು ಬಿಟ್ಟವನು, ಅನೇಕ ಊರುಗಳಲ್ಲಿ ಅವನಿಗೇ ಗದ್ದೆ ಇರಲಿಲ್ಲ. ವಾಲೀಕಾರ ಅಂದರೆ ಓಲೆಕಾರ. ಕಾಗದ ಹೊತ್ತವನು, ಓದೋಕೆ ಬಿಡದಿದ್ದವನು. ಆ ಹೆಸರಿನ ಚೆನ್ನಣ್ಣ ವಾಲೀಕಾರರು ನಮ್ಮ ಬಂಡಾಯದ ಪುಸ್ತಕಗಳನ್ನೇ ಬರೆದರು ಅನ್ನೋದನ್ನ ನೆನೆಸಿಕೊಂಡರೆ ನನಗೆ ಈಗಲೂ ಖುಷಿಯಾಗುತ್ತೆ. ಚಲವಾದಿ, ಲಿಂಗಾಯತರ ಮೆರವಣಿಗೆಯ ಮುಂದೆ ಗಂಟೆ ಬಟ್ಟಲು ಹಿಡಿದು ನಡೆದವನು. ಭಜಂತ್ರಿ, ಮಂದಿಯ ಮದುವೆಗೆ ವಾದ್ಯ ಊದಿದವನು. ಸಮಗಾರ, ಮಾದರ. ಹೊಲೆಯ ಅನ್ನೋ ಮಾತು ಹೊಲದಿಂದ ಬಂತೋ ಹೊಲೆಯಿಂದ ಬಂತೋ ಅಂತ ಪಂಡಿತರು ಜಗಳ ಆಡ್ತಾರೆ. ಹೊಲದಲ್ಲಿ ಬಗ್ಗಿ ದುಡಿದ ಬೆನ್ನಿಗೆ ಆ ಜಗಳ ಬೇಕಿಲ್ಲ.

ಮೇಲಿನವನದೂ ಕೆಲಸದ ಹೆಸರೇ, ಕೆಳಗಿನವನದೂ ಕೆಲಸದ ಹೆಸರೇ. ವ್ಯತ್ಯಾಸ ಎಲ್ಲಿದೆ? ಕೆಲಸ ಹೋದ ಮೇಲೆ ಏನಾಯ್ತು ಅನ್ನೋದರಲ್ಲಿ ಇದೆ. ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ. ಧಾರವಾಡ, ಬೆಳಗಾವಿ, ವಿಜಾಪುರ ಆಗ ಮುಂಬೈ ರಾಜ್ಯದಲ್ಲಿದ್ದವು. ಅಲ್ಲಿ ಪರಗಣ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿದ್ದು 1950ರ ಕಾಯ್ದೆ. ನಮ್ಮ ರಾಜ್ಯದಲ್ಲಿ ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ, ಅದು ಜಾರಿಗೆ ಬಂದದ್ದು 1963ರಲ್ಲಿ. ಅಂದರೆ ಇವತ್ತಿಗೆ ಅರವತ್ತು ವರ್ಷ ಮೀರಿತು, ಯಾವ ಕುಲಕರ್ಣಿಯೂ ಊರ ಲೆಕ್ಕ ಬರೆಯುತ್ತಿಲ್ಲ, ಯಾವ ಪಾಟೀಲನೂ ಕಂದಾಯ ಎತ್ತುತ್ತಿಲ್ಲ. ಆದರೂ ಆ ಹೆಸರು ಹೇಳಿದ ತಕ್ಷಣ ಕುರ್ಚಿ ಬರುತ್ತೆ. ಬಾಡಿಗೆ ಮನೆ ಸಿಗುತ್ತೆ. ಹುದ್ದೆ ಸತ್ತರೂ ಹೆಸರು ಪಿಂಚಣಿ ತಿನ್ನುತ್ತಿದೆ. ಕೆಳಗಿನವನ ಹುದ್ದೆಯೂ ಸತ್ತಿತು, ಅವನ ಹೆಸರು ಮಾತ್ರ ಇನ್ನೂ ಬಿಟ್ಟಿ ಚಾಕರಿ ಮಾಡ್ತಾ ಇದೆ.

ಮಹಾರ್ ವತನದ ಕತೆ ನಿಮಗೆ ಗೊತ್ತಿರಬೇಕು. ಹಗಲು ರಾತ್ರಿ ಸರ್ಕಾರಿ ಚಾಕರಿ, ಪ್ರತಿಯಾಗಿ ತುಂಡು ಭೂಮಿ, ಊರವರು ಕೊಟ್ಟರೆ ಕಾಳು. ಇದನ್ನು ಮುರಿಯಬೇಕು ಅಂತ ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದರು. ಆ ವತನ ಕೊನೆಗೂ ಹೋದದ್ದು 1958ರ ಕಾಯ್ದೆಯಿಂದ, ಅವರು ತೀರಿಕೊಂಡು ಎರಡು ವರ್ಷ ಆದ ಮೇಲೆ. ಆ ಕಾಯ್ದೆಯ ಹೆಸರು ಏನು ಗೊತ್ತಾ? ಬಾಂಬೆ ಇನ್ಫೀರಿಯರ್ ವಿಲೇಜ್ ವತನ್ಸ್ ಅಬಾಲಿಷನ್ ಆಕ್ಟ್. ಇನ್ಫೀರಿಯರ್ ಅಂದರೆ ಕೀಳು. ಬಿಡುಗಡೆ ಮಾಡುವ ಕಾಗದದ ತಲೆಬರಹದಲ್ಲೂ ಕೀಳು ಅಂತ ಬರೆಯುವುದನ್ನು ಮರೆಯಲಿಲ್ಲ.

ಇದೆಲ್ಲ ತಾನಾಗಿ ಬೆಳೆದು ಬಂತು, ಯಾರೂ ಬೇಕಂತ ಮಾಡಿದ್ದಲ್ಲ ಅಂತ ನಿಮ್ಮ ಸಮಾಜಶಾಸ್ತ್ರದ ಲೆಕ್ಚರರು ಹೇಳಬಹುದು. ಹಾಗಾದರೆ ಮನುಸ್ಮೃತಿ ಎರಡನೇ ಅಧ್ಯಾಯದ 31, 32ನೇ ಶ್ಲೋಕ ಓದಿ ಅಂತ ಹೇಳಿ. ಹೆಸರಿಡುವ ಕಾನೂನು ಅಲ್ಲಿದೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಕ್ಷತ್ರಿಯನದು ಬಲದ್ದಾಗಿರಬೇಕು, ವೈಶ್ಯನದು ಹಣದ್ದು, ಶೂದ್ರನದು ಕೇಳಿದರೆ ಹೇಸಿಗೆಯಾಗುವಂಥದ್ದು. ಹೆಸರಿನ ಎರಡನೇ ಭಾಗದಲ್ಲಿ ಮೊದಲನೆಯವನಿಗೆ ಸುಖ, ಎರಡನೆಯವನಿಗೆ ರಕ್ಷಣೆ, ಮೂರನೆಯವನಿಗೆ ಸಮೃದ್ಧಿ, ನಾಲ್ಕನೆಯವನಿಗೆ ಊಳಿಗ. ಶರ್ಮ, ವರ್ಮ, ಗುಪ್ತ, ದಾಸ ಅಂತ ಭಾಷ್ಯಕಾರರು ಉದಾಹರಣೆ ಕೊಡ್ತಾರೆ. ಐದನೆಯವರಾದ ನಮಗೆ ಆ ಶ್ಲೋಕದಲ್ಲಿ ಜಾಗವೇ ಇಲ್ಲ, ಹೇಸಿಗೆಯ ಹೆಸರಿಗೂ ನಾವು ಲಾಯಕ್ಕಿಲ್ಲ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದು ಇದೇ ಪುಸ್ತಕವನ್ನು.

ಮನುವನ್ನು ಓದದ ನಮ್ಮ ಹಳ್ಳಿಗಳಲ್ಲೂ ಆ ಕಾನೂನು ನಡೆದೇ ಇತ್ತು. ಕರಿಯ, ಕೆಂಚ, ಮಾರ, ಕಾಳಿ, ಗುಂಡ. ಹುಟ್ಟಿದ ಕೂಸುಗಳು ಉಳಿಯದಿದ್ದರೆ ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಅಂತ ಕರೆಯೋದು ಎಲ್ಲಾ ಜಾತಿಯಲ್ಲೂ ಉಂಟು, ಅದನ್ನು ಬಿಡಿ. ನಾನು ಹೇಳುತ್ತಿರೋದು ಹೆಸರಿನ ಬಾಲ ಕತ್ತರಿಸುವ ಮಾತು. ನಮ್ಮಪ್ಪನ ಹೆಸರು ದುರಗಪ್ಪ. ಅವ್ವ, ಅಜ್ಜಿ ಎಲ್ಲಾ ಕರೆದದ್ದು ಹಾಗೇ. ಊರೊಳಗೆ ಮಾತ್ರ ದುರಗ್ಯಾ. ಗೌಡರ ಮನೆಯ ಆರು ವರ್ಷದ ಹುಡುಗನಿಗೂ ದುರಗ್ಯಾ. ಆ ಹುಡುಗನನ್ನು ನಮ್ಮಪ್ಪ ಅಪ್ಪಾರ ಅಂತ ಕರೀಬೇಕು! ಒಂದು ಅಪ್ಪ ಅನ್ನೋ ಶಬ್ದವನ್ನು ನಮ್ಮಪ್ಪನ ಹೆಸರಿನಿಂದ ಕಿತ್ತು ಆ ಹುಡುಗನಿಗೆ ಕೊಟ್ಟಿದ್ದರು. ಮುನಿಯಪ್ಪ ಮುನಿಯ ಆಗೋದು, ಕಾಳಮ್ಮ ಕಾಳಿ ಆಗೋದು ನಿಮ್ಮ ಮನೆಗಳಲ್ಲೂ ನಡೆದಿದೆ. ಹೌದೋ ಅಲ್ಲವೋ?

ನನ್ನನ್ನು ಶಾಲೆಗೆ ಸೇರಿಸೋಕೆ ಅಪ್ಪ ಕರಕೊಂಡು ಹೋದ. ಮಾಸ್ತರರು ಅಡ್ಡಹೆಸರು ಏನು ಅಂದರು. ನಮಗೆ ಅಂಥದ್ದೊಂದು ಬೇಕು ಅಂತಲೇ ಅಪ್ಪನಿಗೆ ಗೊತ್ತಿರಲಿಲ್ಲ. "ಏನಾರ ಬರಕೋರಿ ಸರ" ಅಂದ. ಅವರು ಹರಿಜನ ಅಂತ ಬರಕೊಂಡರು. ಆ ಮಾಸ್ತರರು ಕೆಟ್ಟವರಲ್ಲ, ನನಗೆ ಅಕ್ಷರ ಕಲಿಸಿದವರು. ನನ್ನ ದೊಡ್ಡಪ್ಪನ ಮಗ ಬೇರೆ ಊರಿನ ಶಾಲೆಗೆ ಹೋದ, ಅವನಿಗೆ ಮಾದರ ಅಂತ ಬಿತ್ತು. ಇನ್ನೊಬ್ಬನಿಗೆ ಊರಿನ ಹೆಸರು ಬಿತ್ತು. ಒಂದೇ ಮನೆಯ ಮೂವರಿಗೆ ಮೂರು ಅಡ್ಡಹೆಸರು. ಮುಂದೆ ಅಜ್ಜನ ಹೆಸರಲ್ಲಿದ್ದ ಎರಡು ಎಕರೆಗೆ ವಾರಸಾ ಹಚ್ಚಲು ಹೋದಾಗ, ನೀವು ಮೂವರೂ ಒಂದೇ ವಂಶದವರು ಅನ್ನೋದಕ್ಕೆ ಪುರಾವೆ ಏನು ಅಂತ ಕಚೇರಿಯಲ್ಲಿ ಕೇಳಿದರು. ಮೂರು ವರ್ಷ ಅಲೆದೆವು. ಅಡ್ಡಹೆಸರು ಅಂದರೆ ಬರೀ ಮಾನ ಅವಮಾನದ ಮಾತು ಅಂತ ಯಾರಾದರೂ ಹೇಳಿದರೆ ನನಗೆ ಆ ಕಚೇರಿಯ ಬೆಂಚು ನೆನಪಾಗುತ್ತೆ.

ಹರಿಜನ ಅನ್ನೋದು ಎಲ್ಲಿಂದ ಬಂತು? 1932ರ ಪುಣೆ ಒಪ್ಪಂದದ ಕಾಲದಲ್ಲಿ ಗಾಂಧೀಜಿ ಬಳಕೆಗೆ ತಂದರು, 1933ರ ಫೆಬ್ರವರಿಯಲ್ಲಿ ಅದೇ ಹೆಸರಿನ ಪತ್ರಿಕೆ ಹೊರಡಿಸಿದರು. ಕೇಳಿ ತಂದದ್ದಲ್ಲ, ಕರುಣೆಯಿಂದ ಕೊಟ್ಟದ್ದು. 1938ರ ಜನವರಿಯಲ್ಲಿ ಮುಂಬೈ ಶಾಸನಸಭೆಯಲ್ಲಿ ಈ ಶಬ್ದವನ್ನು ಕಾನೂನಿನೊಳಗೆ ತೂರಿಸಲು ಹೊರಟಾಗ, ನಮಗೆ ಇಷ್ಟವಿಲ್ಲದ ಹೆಸರನ್ನು ನಮ್ಮ ಮೇಲೆ ಹೇರಬೇಡಿ ಅಂತ ಅಂಬೇಡ್ಕರರ ಪಕ್ಷ ಪ್ರತಿಭಟಿಸಿತು. ಬಹುಮತ ಕೇಳಲಿಲ್ಲ. ಅವರು ಸಭೆ ಬಿಟ್ಟು ಎದ್ದು ಹೊರಟರು. ಆಮೇಲೆ 1982ರಲ್ಲಿ ಕೇಂದ್ರ ಸರ್ಕಾರವೇ ಈ ಶಬ್ದ ಬಳಸಬೇಡಿ ಅಂತ ರಾಜ್ಯಗಳಿಗೆ ಬರೆಯಿತು. ಕಡತದಲ್ಲಿ ಬೇಡವಾದ ಶಬ್ದ ನಮ್ಮ ಹುಡುಗರ ಅಂಕಪಟ್ಟಿಯಲ್ಲಿ ಮಾತ್ರ ಅಡ್ಡಹೆಸರಾಗಿ ಇವತ್ತಿಗೂ ಅಂಟಿಕೊಂಡಿದೆ. ದೇವರ ಮಕ್ಕಳು ಅಂತ ಅರ್ಥ ಹೇಳಿ ಸಮಾಧಾನ ಮಾಡ್ತಾರೆ. ಆ ದೇವರ ಗುಡಿಗೆ ಇವರನ್ನ ಬಿಡೋದಿಲ್ಲವಲ್ಲ ಅಂದರೆ ಮಾತು ಬದಲಿಸ್ತಾರೆ.

ಹೆಸರಲ್ಲೇನಿದೆ ಅಂತ ನಿಮ್ಮ ಇಂಗ್ಲಿಷ್ ಪಠ್ಯದಲ್ಲಿ ಓದಿರ್ತೀರಿ. ಏನಿದೆ ಅನ್ನೋದನ್ನ ಇಬ್ಬರು ವಿದ್ವಾಂಸರು ಅಳತೆ ಮಾಡಿ ತೋರಿಸಿದರು. ಸುಖದೇವ ಥೋರಾಟ್ ಮತ್ತು ಪಾಲ್ ಅಟೆವೆಲ್. 2005ರಿಂದ 66 ವಾರ ಕಾಲ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಒಂದೇ ಬಗೆಯ ಓದು, ಒಂದೇ ಬಗೆಯ ಅನುಭವ. ಬೇರೆ ಇದ್ದದ್ದು ಹೆಸರು ಮಾತ್ರ. ಕೆಲವು ಮೇಲ್ಜಾತಿಯ ಅಡ್ಡಹೆಸರು, ಕೆಲವು ದಲಿತರದು, ಕೆಲವು ಮುಸ್ಲಿಮರದು. 2007ರಲ್ಲಿ ಫಲಿತಾಂಶ ಅಚ್ಚಾಯಿತು. ಮೇಲ್ಜಾತಿ ಹೆಸರಿಗೆ ಸಂದರ್ಶನದ ಕರೆ ಬರುವ ಸಂಭವಕ್ಕೆ ಹೋಲಿಸಿದರೆ ದಲಿತ ಹೆಸರಿಗೆ ಇದ್ದದ್ದು ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಮುಖ ನೋಡಿಲ್ಲ, ಮಾತು ಕೇಳಿಲ್ಲ, ಒಂದು ಹಾಳೆಯ ಮೇಲಿನ ಹೆಸರು ಓದಿ ಬದಿಗಿಟ್ಟರು. ಮೆರಿಟ್ಟು, ಮೆರಿಟ್ಟು ಅಂತ ನಿಮ್ಮ ಕ್ಲಾಸಿನಲ್ಲಿ ವಾದಕ್ಕೆ ಬರ್ತಾರಲ್ಲ, ಈ ಲೆಕ್ಕ ಅವರಿಗೆ ಬಾಯಿಪಾಠ ಹೇಳಿ.

ಹಾಗಾದರೆ ಬೇರೆ ಹೆಸರು ಹಾಕಿಕೊಂಡು ತಪ್ಪಿಸಿಕೊಳ್ಳಬಹುದಲ್ಲ? ನಮ್ಮ ಜನ ನೂರು ವರ್ಷದಿಂದ ಅದನ್ನು ಪ್ರಯತ್ನಿಸಿದ್ದಾರೆ. ಬಾಬಾಸಾಹೇಬರೂ ಒಂದು ಸಲ ಪ್ರಯತ್ನಿಸಬೇಕಾಯಿತು. 1917ರಲ್ಲಿ ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಓದಿ ಬಂದು ಬರೋಡ ಸಂಸ್ಥಾನದ ನೌಕರಿಗೆ ಹೋದರು. ಇರೋಕೆ ಜಾಗ ಇಲ್ಲ. ಹಿಂದೂ ಹೋಟೆಲಿನವರು ಸೇರಿಸೋದಿಲ್ಲ ಅಂತ ಗೊತ್ತಿತ್ತು. ಒಂದು ಪಾರ್ಸಿ ಛತ್ರಕ್ಕೆ ಹೋದರು. ಅದು ಪಾರ್ಸಿಗಳಿಗೆ ಮಾತ್ರ. ನೋಡಿಕೊಳ್ಳುವವನಿಗೂ ಗಿರಾಕಿ ಇರಲಿಲ್ಲ, ದುಡ್ಡು ಬೇಕಿತ್ತು. ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆದರೆ ಇರಬಹುದು ಅಂತ ಆಯಿತು. ಬರೆದರು. ಕತ್ತಲ ಗೂಡಿನಂಥ ಆ ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಹನ್ನೊಂದನೇ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ದೊಣ್ಣೆ ಹಿಡಿದ ಹತ್ತು ಹನ್ನೆರಡು ಜನ ಪಾರ್ಸಿಗಳು ಮೆಟ್ಟಿಲು ಹತ್ತಿ ಬಂದರು. ಯಾರು ನೀನು, ನಮ್ಮ ಹೆಸರು ಹಾಕಿಕೊಂಡು ಛತ್ರ ಮೈಲಿಗೆ ಮಾಡಿದೆ, ಸಂಜೆಯೊಳಗೆ ಖಾಲಿ ಮಾಡು. ಇಬ್ಬರು ಗೆಳೆಯರನ್ನು ಕೇಳಿದರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಮನೆಯಲ್ಲಿ ಇಟ್ಟುಕೊಳ್ಳಲು ಇಬ್ಬರಿಗೂ ಆಗಲಿಲ್ಲ. ರಾತ್ರಿಯ ರೈಲಿನ ತನಕ ಊರಿನ ತೋಟದಲ್ಲಿ ಕೂತಿದ್ದು ಮುಂಬೈಗೆ ವಾಪಸ್ಸು ಹೋದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು! ವೇಟಿಂಗ್ ಫಾರ್ ಎ ವೀಸಾ ಅನ್ನೋ ಬರಹದಲ್ಲಿ ಅವರೇ ಇದನ್ನ ಬರೆದಿದ್ದಾರೆ, ಓದಿ. ನಗರದಲ್ಲಿ ಬಾಡಿಗೆ ಮನೆ ಹುಡುಕಿರುವ ಯಾರಿಗೂ ಅದು ಹಳೇ ಕತೆ ಅನ್ನಿಸಲ್ಲ.

ಎರವಲು ಹೆಸರಿನ ಕಷ್ಟ ಇದು. ಹೆಸರು ಬದಲಾದರೂ ಕೇಳುವವನು ಬದಲಾಗಿಲ್ಲ. ಅವನು ಮುಂದಿನ ಪ್ರಶ್ನೆ ಕೇಳ್ತಾನೆ. ಯಾವೂರು? ಯಾರ ಪೈಕಿ? ಮನೆದೇವರು ಯಾವುದು? ನೀವು ಯಾವ ಜನ? ಹಳೇ ಮೈಸೂರಿನ ಹುಡುಗರಿಗೆ ಅಡ್ಡಹೆಸರೇ ಇಲ್ಲ, ಆದರೂ ಮೂರನೇ ಪ್ರಶ್ನೆಗೆ ಸಿಕ್ಕಿಬೀಳ್ತಾರೆ. ಆದಿದ್ರಾವಿಡ, ಚೋಖಾಮೇಳಾ ಅಂತೆಲ್ಲ ಹೆಸರಿಟ್ಟುಕೊಂಡರೂ ಕೇಳುವವನು ಹಳೇ ಹೆಸರು ಬಾಯಿ ಬಿಡಿಸುವ ತನಕ ಬಿಡುವುದಿಲ್ಲ ಅಂತ ಅಂಬೇಡ್ಕರರು ಬರೆದಿದ್ದಾರೆ. ನಮ್ಮಲ್ಲಿ 1920ರ ದಶಕದಲ್ಲಿ ಮೈಸೂರು ಸರ್ಕಾರ ಪಂಚಮ ಅನ್ನೋದನ್ನ ಬಿಟ್ಟು ಆದಿಕರ್ನಾಟಕ, ಆದಿದ್ರಾವಿಡ ಅಂತ ಬರೆಯಿತು. ಆಗ ಅದು ಗೌರವದ ಹೆಸರು. ನೂರು ವರ್ಷದ ಮೇಲೆ, 2025ರಲ್ಲಿ, ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಮನೆ ಮನೆಗೆ ಗಣತಿದಾರರನ್ನು ಕಳಿಸಿದಾಗ, ಆ ಹೆಸರಿನ ಹಿಂದೆ ಇರುವ ನಿಮ್ಮ ಮೂಲ ಜಾತಿ ಯಾವುದು ಅಂತ ಮತ್ತೆ ಕೇಳಬೇಕಾಯಿತು. ಕೇಳಿದ್ದು ತಪ್ಪು ಅಂತ ನಾನು ಹೇಳಲ್ಲ, ಪಾಲು ಹಂಚಬೇಕಾದರೆ ಲೆಕ್ಕ ಬೇಕು. ಮುಚ್ಚಿದ ಹೆಸರಿಗೂ ಒಂದು ಬೆಲೆ ತೆರಬೇಕಾಗುತ್ತೆ ಅನ್ನೋದು ಗೊತ್ತಿರಲಿ.

ಅಡ್ಡಹೆಸರನ್ನೇ ಕಿತ್ತೆಸೆದವರೂ ಇದ್ದಾರೆ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿ ಗಂಡಸರಿಗೆಲ್ಲ ಸಿಂಗ್, ಹೆಂಗಸರಿಗೆಲ್ಲ ಕೌರ್ ಅಂದರು. ಮೊದಲು ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರು ನಮ್ಮ ಬೀದರಿನ ಕ್ಷೌರಿಕ ಅಂತ ಸಿಖ್ಖರ ಪರಂಪರೆ ಹೇಳುತ್ತೆ. 1929ರ ಫೆಬ್ರವರಿಯಲ್ಲಿ ಚೆಂಗಲ್ಪಟ್ಟುವಿನ ಸ್ವಾಭಿಮಾನ ಸಮ್ಮೇಳನದಲ್ಲಿ ಜಾತಿಯ ಬಾಲ ಬಿಡಬೇಕು ಅಂತ ನಿರ್ಣಯವಾಯಿತು, ಪೆರಿಯಾರ್ ನಾಯ್ಕರ್ ಅನ್ನೋದನ್ನ ಬಿಟ್ಟರು. ಮೇಲಿನವರೂ ಬಿಟ್ಟರು ಅನ್ನೋದು ಇಲ್ಲಿ ಮುಖ್ಯ. ಇವತ್ತು ತಮಿಳುನಾಡಿನಲ್ಲಿ ಹೆಸರು ನೋಡಿ ಜಾತಿ ಹೇಳೋದು ಕಷ್ಟ. ಆದರೆ ಅಲ್ಲಿಯ ಶಾಲೆಗಳಲ್ಲಿ ಹುಡುಗರು ಜಾತಿಗೊಂದು ಬಣ್ಣದ ದಾರ ಕೈಗೆ ಕಟ್ಟಿಕೊಂಡು ಬರತೊಡಗಿದರು. 2023ರ ಆಗಸ್ಟಿನಲ್ಲಿ ನಾಂಗುನೇರಿಯಲ್ಲಿ ಒಬ್ಬ ದಲಿತ ವಿದ್ಯಾರ್ಥಿಯ ಮನೆಗೆ ನುಗ್ಗಿ ಅವನನ್ನೂ ತಂಗಿಯನ್ನೂ ಕುಡುಗೋಲಿನಿಂದ ಕಡಿದವರು ಅವನ ಶಾಲೆಯ ಹುಡುಗರೇ. ಆಮೇಲೆ ನೇಮಿಸಿದ ನ್ಯಾಯಮೂರ್ತಿ ಚಂದ್ರು ಸಮಿತಿ 2024ರಲ್ಲಿ ಆ ದಾರಗಳನ್ನು ನಿಷೇಧಿಸಿ ಅಂತ ಹೇಳಿತು. ಹೆಸರಿನಿಂದ ಹೋದದ್ದು ಮಣಿಕಟ್ಟಿಗೆ ಬಂದಿತ್ತು.

ಇದಕ್ಕೆ ಪೂರ್ತಿ ಎದುರಿನ ದಾರಿ ಆಂಧ್ರದಲ್ಲಿ ಕಂಡಿತು. 1994ರಲ್ಲಿ ಮಾದಿಗ ದಂಡೋರ ಕಟ್ಟಿದ ಮಂದ ಕೃಷ್ಣ ತಮ್ಮ ಹೆಸರಿನ ಮುಂದೆ ಮಾದಿಗ ಅಂತ ಹಾಕಿಕೊಂಡರು. ರೆಡ್ಡಿ ಅಂತ ಹಾಕಬಹುದು, ರಾವ್ ಅಂತ ಹಾಕಬಹುದು, ಮಾದಿಗ ಅಂತ ಯಾಕೆ ಹಾಕಬಾರದು? ಬೈಗುಳ ಮಾಡಿಕೊಂಡಿದ್ದ ಶಬ್ದವನ್ನು ಮಂತ್ರಿಗಳು, ಅಧಿಕಾರಿಗಳು ಮರ್ಯಾದೆಯಿಂದ ಉಚ್ಚರಿಸಬೇಕಾಯಿತು. ಸಾವಿರಾರು ಹುಡುಗರು ಹಾಗೇ ಮಾಡಿದರು. ಮೂವತ್ತು ವರ್ಷದ ಮೇಲೆ, 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣ ಸರಿ ಅಂದಿತು. ಆ ಹೆಸರಿನ ಹಿಂದೆ ಒಂದು ಸಂಘಟನೆ ಇತ್ತು ಅನ್ನೋದನ್ನ ಮರೀಬೇಡಿ. ಒಬ್ಬಂಟಿ ಹುಡುಗ ಪರಊರಿನ ಕಂಪನಿಯಲ್ಲಿ ಅದನ್ನೇ ಮಾಡು ಅಂತ ವೇದಿಕೆ ಮೇಲೆ ನಿಂತು ಹೇಳೋದು ನನಗೆ ಸುಲಭ.

ನಮ್ಮ ಶರಣರ ಮಾತು ಬಾರದೆ ಇದು ಮುಗಿಯಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಮಡಿವಾಳ ಮಾಚಯ್ಯ. ಅಯ್ಯ ಅನ್ನೋ ಶಬ್ದ ಇವರ ಹೆಸರಿಗೆ ಸೇರಿದ್ದು ಹನ್ನೆರಡನೇ ಶತಮಾನದಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಒಂದು ಗುಮಾನಿ ನನಗಿದೆ. ಎಂಟು ನೂರು ವರ್ಷ ಆದರೂ ಚೆನ್ನಯ್ಯನ ಹಿಂದೆ ಮಾದಾರ ಇದೆ, ಕಕ್ಕಯ್ಯನ ಹಿಂದೆ ಡೋಹರ ಇದೆ. ಬಸವಣ್ಣ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು, ಅವರ ಹೆಸರಿನ ಹಿಂದೆ ಅದು ಯಾಕಿಲ್ಲ? ಹೆಚ್ಚೆಂದರೆ ಭಂಡಾರಿ ಬಸವಣ್ಣ ಅಂತಾರೆ, ಅದು ಹುದ್ದೆ. ಬಸವಣ್ಣನ ಮೇಲೆ ಇದು ದೂರಲ್ಲ, ಅವರ ಹೆಸರಿನಲ್ಲಿ ಮಠ ಕಟ್ಟಿದವರ ಮೇಲೆ ದೂರು.

ಬಾಬಾಸಾಹೇಬರ ಅಡ್ಡಹೆಸರಿನ ಬಗ್ಗೆಯೂ ಹೇಳಿಬಿಡ್ತೀನಿ, ಕೇಳೇ ಕೇಳ್ತೀರಿ. ಮನೆತನದ ಹೆಸರು ಸಕ್ಪಾಲ. ಊರು ರತ್ನಾಗಿರಿ ಸೀಮೆಯ ಅಂಬಾವಡೆ. ಊರಿನಿಂದ ಅಂಬಾವಡೇಕರ, ಅದರಿಂದ ಅಂಬೇಡ್ಕರ್. ಒಬ್ಬ ಬ್ರಾಹ್ಮಣ ಮೇಷ್ಟ್ರು ಪ್ರೀತಿಯಿಂದ ತನ್ನ ಹೆಸರು ಕೊಟ್ಟರು ಅನ್ನೋ ಕತೆಯನ್ನ ಎಲ್ಲಾ ಭಾಷಣಗಳಲ್ಲೂ ಹೇಳ್ತಾರೆ. ಆ ಮೇಷ್ಟ್ರ ಒಳ್ಳೆಯತನವನ್ನು ಅಲ್ಲಗಳೆಯೋದು ಬೇಡ. ಆದರೆ ಕತೆ ಹೇಳುವವರು ಅಂಬಾವಡೆ ಅನ್ನೋ ಊರನ್ನ ಮಾತ್ರ ಹೇಳೋದಿಲ್ಲ, ಗಮನಿಸಿ.

ಈಗ ಆ ಹುಡುಗನ ಪ್ರಶ್ನೆ. ಹರಿಜನ ಅಂತ ಹಾಕ್ಲಾ ಬೇಡ್ವಾ?

ತಮ್ಮಾ, ಟಿ.ಸಿ.ಯಲ್ಲಿ ಇರೋ ತನಕ ಅರ್ಜಿಯಲ್ಲಿ ಅದನ್ನೇ ಹಾಕು. ಒಂದು ಕಾಗದದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಆದರೆ ಸ್ಕಾಲರ್‌ಶಿಪ್ಪು ನಿಲ್ಲುತ್ತೆ, ನಮ್ಮ ಎರಡು ಎಕರೆಯ ಹಾಗೆ. ಆದರೆ ತೆಗೆಸಬೇಕು ಅಂತ ನಿನಗಿದ್ದರೆ ತೆಗೆಸು, ಅದಕ್ಕೆ ನಾಚಿಕೆ ಬೇಡ, ಹೇಡಿ ಅಂತ ಯಾರಾದರೂ ಅಂದರೆ ಕಿವಿಗೆ ಹಾಕೋಬೇಡ. 2023ರಲ್ಲಿ ದಿಲ್ಲಿ ಹೈಕೋರ್ಟಿನ ಮುಂದೆ ಇಂಥದ್ದೇ ಒಂದು ಕೇಸು ಬಂತು. ಇಬ್ಬರು ಅಣ್ಣತಮ್ಮಂದಿರು. ಅವರ ತಂದೆಯ ಅಡ್ಡಹೆಸರು ಮೋಚಿ. ದಿನಾ ಪಟ್ಟ ಅವಮಾನ ಸಾಕಾಗಿ ನಾಯಕ್ ಅಂತ ಬದಲಿಸಿಕೊಂಡಿದ್ದರು. ಮಕ್ಕಳ ಅಂಕಪಟ್ಟಿಯಲ್ಲಿ ತಂದೆಯ ಹೊಸ ಹೆಸರು ಹಾಕಲು ಬೋರ್ಡು ಒಪ್ಪಲಿಲ್ಲ. ತನ್ನ ಜಾತಿಯ ಕಾರಣಕ್ಕೆ ಹೀನಾಯ ಅನುಭವಿಸದಂಥ ಗುರುತು ಇಟ್ಟುಕೊಳ್ಳುವ ಹಕ್ಕು ಮನುಷ್ಯನಿಗಿದೆ, ತಿದ್ದಿಕೊಡಿ ಅಂತ ಕೋರ್ಟು ಹೇಳಿತು. ಹೊಸ ಹೆಸರಿನಿಂದ ಬೇರೆ ಜಾತಿಯ ಸವಲತ್ತು ಕೇಳುವಂತಿಲ್ಲ ಅಂತಲೂ ಹೇಳಿತು. ಜಾತಿ ಪ್ರಮಾಣಪತ್ರ ಹುಟ್ಟಿನ ಮೇಲೆ ನಿಂತದ್ದು, ಅಡ್ಡಹೆಸರಿನ ಮೇಲೆ ಅಲ್ಲ. ಹೆಸರು ಬದಲಿಸಿದರೆ ಮೀಸಲಾತಿ ಹೋಗುತ್ತೆ ಅಂತ ಹೆದರಿಸುವವರ ಮಾತು ನಂಬಬೇಡಿ.

ನಾನು ಏನು ಮಾಡಿದೆ ಅಂತ ಕೇಳಿದರೆ, ಅಫಿಡವಿಟ್ ಮಾಡಿಸಿ ಹರಿಜನ ತೆಗೆಸಿದೆ. ಅಲ್ಲಿ ಅಪ್ಪನ ಹೆಸರು ಹಾಕಿಸಿದೆ. ದುರಗಪ್ಪ, ಪೂರ್ತಿಯಾಗಿ. ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಎಲ್ಲಾ ಕಡೆ ಜನ ಆ ಅಪ್ಪ ಅನ್ನೋದನ್ನ ನುಂಗದೆ ಹೇಳಲೇಬೇಕು. ಗೌಡರ ಮೊಮ್ಮಗ ಒಂದು ಸಲ ನನಗೆ ಕಾಗದ ಬರೆದ, ಲಕೋಟೆಯ ಮೇಲೆ ಶ್ರೀ ಅಂತ ಹಾಕಿ ಪೂರಾ ಹೆಸರು ಬರೆದಿದ್ದ. ಅಪ್ಪ ಇರಲಿಲ್ಲ ನೋಡೋಕೆ. ಇದನ್ನು ಒಂದು ಸಭೆಯಲ್ಲಿ ಹೆಮ್ಮೆಯಿಂದ ಹೇಳಿದಾಗ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, "ನಿಮ್ಮವ್ವನ ಹೆಸರು ಯಾಕೆ ಹಾಕಲಿಲ್ಲ, ಆಕೆಯ ಅಮ್ಮ ಅನ್ನೋದನ್ನೂ ಊರವರು ಕಿತ್ತುಕೊಂಡಿರಲಿಲ್ವಾ?" ಅಂದಳು. ನನಗೆ ಹೊಳೆದೇ ಇರಲಿಲ್ಲ. ನನ್ನ ಮಗಳು ಈಗ ಅಜ್ಜಿಯ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡಿದಾಳೆ.

ಒಂದು ಕೋರಿಕೆ. ಈ ಹಾಸ್ಟೆಲಿನ ಒಳಗೆ ನಾವು ನಾವೇ ಯಾರ ಪೈಕಿ ಅಂತ ಕೇಳೋದು, ಎಡ ಬಲ ಅಂತ ಕೊಠಡಿ ಹಂಚಿಕೊಳ್ಳೋದು, ಲಂಬಾಣಿ ಹುಡುಗನನ್ನ, ಭೋವಿ ಹುಡುಗನನ್ನ ಅವನ ಜಾತಿ ಹೆಸರಿನಿಂದ ಕೂಗೋದು ನನ್ನ ಕಿವಿಗೂ ಬಿದ್ದಿದೆ. ಊರೊಳಗಿನವರು ನಮಗೆ ಕಲಿಸಿದ ಪಾಠವನ್ನ ನಾವು ಇಷ್ಟು ಚೆನ್ನಾಗಿ ಒಪ್ಪಿಸಬೇಕಾಗಿಲ್ಲ.

ಹತ್ತನೇ ತರಗತಿಯ ಪರೀಕ್ಷೆಗೆ ಇನ್ನೂ ಹೆಸರು ಕೊಡದ ತಮ್ಮ ತಂಗಿಯರು ಮನೆಯಲ್ಲಿದ್ದರೆ ಈಗಲೇ ಶಾಲೆಯ ದಾಖಲೆ ನೋಡಿಸಿ. ಆಗ ತಿದ್ದಿಸೋದು ಸುಲಭ, ಅಂಕಪಟ್ಟಿ ಅಚ್ಚಾದ ಮೇಲೆ ಅಲೆದಾಟ ಜಾಸ್ತಿ. ದೊಡ್ಡವರಿಗೆ ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಗೆಜೆಟ್ಟು, ಇಷ್ಟೂ ಆಗಬೇಕು. ನಮ್ಮ ವಕೀಲ ಗೆಳೆಯರೊಬ್ಬರು ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇದೇ ಊಟದ ಹಾಲಿನಲ್ಲಿ ಕೂರ್ತಾರೆ, ಫೀಸು ಇಲ್ಲ. ಟಿ.ಸಿ., ಜಾತಿ ಪ್ರಮಾಣಪತ್ರ, ಆಧಾರ್ ಮೂರರದ್ದೂ ಎರಡೆರಡು ಜೆರಾಕ್ಸ್ ತನ್ನಿ. ಮೂರರಲ್ಲೂ ನಿಮ್ಮ ಹೆಸರು ಒಂದೇ ಥರ ಇದೆಯಾ ಅಂತ ಇವತ್ತು ರಾತ್ರಿಯೇ ಪೆಟ್ಟಿಗೆ ತೆಗೆದು ನೋಡಿಕೊಳ್ಳಿ.